ಇಯೋಸಿನೋಫಿಲ್ ಎಲ್ಲಿ ಇಳಿಯುತ್ತದೆ?

ಅಲರ್ಜಿಯ ಸೀನು ಅರ್ಧ ಗಂಟೆಯಲ್ಲಿ ನಿಂತುಬಿಡಬಹುದು. ಆದರೆ ಅದರ ಕರೆಗೆ ಓಗೊಟ್ಟು ಹೊರಟ ಬಿಳಿ ರಕ್ತಕಣಗಳು ಗುರಿ ಮುಟ್ಟುವ ಹೊತ್ತಿಗೆ ನಡುರಾತ್ರಿಯಾಗಿರುತ್ತದೆ. ಮಲೆನಾಡಿನ ಉಬ್ಬಸವನ್ನು ಅರಿಯಬೇಕಾದರೆ ಈ ಪ್ರಯಾಣವನ್ನು ಅರಿಯಬೇಕು.

ಆರಿದ್ರೆ ಮಳೆ ಹಿಡಿದಲ್ಲಿಂದ ಆಶ್ಲೇಷ ಮುಗಿಯುವವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ದವಾಖಾನೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: 'ಇಸ್ನೋಫೀಲಿಯಾ'. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರೂ 'ಮಗೂಗೆ ಇಸ್ನೋಫೀಲಿಯಾ ಜಾಸ್ತಿ ಆಗಿದೆಯಂತೆ' ಎಂದು ಸಲೀಸಾಗಿ ಹೇಳುತ್ತಾರೆ. ಲ್ಯಾಬಿನ ಚೀಟಿ ಕೈಗೆ ಬಂದೊಡನೆ ಎಲ್ಲರ ಕಣ್ಣೂ ಅದೊಂದೇ ಸಾಲಿನ ಮೇಲೆ. ಶೇಕಡಾ 4 ಇದ್ದರೆ ನಿರಾಳ, 12 ಇದ್ದರೆ ದಿಗಿಲು. ಅಂಕಿ ಇಳಿಯಿತೆಂದರೆ ಕಾಯಿಲೆ ವಾಸಿಯಾಯಿತೆಂದೇ ಲೆಕ್ಕ. ಔಷಧಿಯೂ ಅಂದಿಗೇ ಬಂದ್.

ಆದರೆ ಆ ಚೀಟಿ ಹೇಳುವುದು ಅರ್ಧ ಕಥೆ. ತೋಳಿನಿಂದ ತೆಗೆದ ರಕ್ತದಲ್ಲಿ ಎಣಿಕೆಗೆ ಸಿಗುವುದು ದಾರಿಯಲ್ಲಿರುವ ಕಣಗಳು ಮಾತ್ರ. ಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸಿನೊಳಗೆ ಕೂತವರನ್ನು ಎಣಿಸಿದರೆ ಶೃಂಗೇರಿಯಲ್ಲಿ ಎಷ್ಟು ಮಂದಿ ಇಳಿದರೆಂದು ತಿಳಿಯುವುದಿಲ್ಲವಷ್ಟೆ. ಇಯೋಸಿನೋಫಿಲ್ ಎಂಬ ಈ ಬಿಳಿ ರಕ್ತಕಣ ರಕ್ತದಲ್ಲಿರುವುದು ಒಂದು ದಿನಕ್ಕಿಂತಲೂ ಕಡಿಮೆ. ಅಲ್ಲಿಂದ ಇಳಿದ ಮೇಲೆ ದೇಹದ ಅಂಗಾಂಶಗಳಲ್ಲಿ ಹಲವು ದಿನ ಉಳಿಯುತ್ತದೆ. ರಕ್ತದಲ್ಲಿ ಒಂದು ಕಣವಿದ್ದರೆ ಅಂಗಾಂಶಗಳಲ್ಲಿ ನೂರು, ಇಲ್ಲವೇ ಅದಕ್ಕಿಂತ ಹೆಚ್ಚು ಇರುತ್ತವೆ. ಆರೋಗ್ಯವಂತರಲ್ಲಿ ಇವುಗಳಲ್ಲಿ ಬಹುಪಾಲು ಜಠರ ಮತ್ತು ಕರುಳಿನ ಗೋಡೆಯಲ್ಲಿ ನೆಲೆಸಿರುತ್ತವೆ; ಶ್ವಾಸಕೋಶದಲ್ಲಿ ಬಲು ಕಡಿಮೆ. ಅಲರ್ಜಿಯ ಉಬ್ಬಸದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಕಣಗಳು ಉಸಿರುನಾಳದ ಬಳಿ ಗುಂಪುಗುಂಪಾಗಿ ಇಳಿಯುತ್ತವೆ. ಏಕೆ ಅಲ್ಲಿಯೇ? ಇಳಿಯಿರೆಂದು ಅವಕ್ಕೆ ಹೇಳುವವರು ಯಾರು?

ತೇವ, ಬೂಷ್ಟು, ದೂಳು

ಮೊದಲು ಊರಿನ ಸಂಗತಿ ನೋಡೋಣ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆ ಶೃಂಗೇರಿಗೆ ಹತ್ತಿರ. ತುಂಗೆಯ ದಂಡೆಯ ಶೃಂಗೇರಿಯಿಂದ ಕೊಪ್ಪಕ್ಕೆ ಬಂದು, ಭದ್ರೆಯ ಹಿನ್ನೀರಿನ ನರಸಿಂಹರಾಜಪುರ ಸೇರುವ ಹೊತ್ತಿಗೆ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ. ಆದರೂ ಮೂರೂ ತಾಲ್ಲೂಕುಗಳಲ್ಲಿ ಮಳೆಗಾಲದ ಮನೆಯೊಳಗಿನ ಗಾಳಿ ತಿಂಗಳುಗಟ್ಟಲೆ ಒದ್ದೆ. ಪೆಟ್ಟಿಗೆಯ ಬಟ್ಟೆಗೆ, ಚಪ್ಪಲಿಗೆ, ಪುಸ್ತಕದ ರಟ್ಟಿಗೆ ಬೂಷ್ಟು. ಹತ್ತಿ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಕಣ್ಣಿಗೆ ಕಾಣದ ದೂಳುನುಸಿಗಳು. ಗಾಳಿಯಿಂದಲೇ ತೇವ ಹೀರಿಕೊಂಡು ಬದುಕುವ ಈ ಪ್ರಾಣಿಗೆ ಮಲೆನಾಡಿನ ಮಳೆಗಾಲವೆಂದರೆ ಸುಗ್ಗಿ. ಇವುಗಳ ಹಿಕ್ಕೆಯಲ್ಲಿರುವ ಪ್ರೋಟೀನುಗಳು ಅಲರ್ಜಿ ತರುವ ವಸ್ತುಗಳಲ್ಲಿ ಜಗತ್ತಿನಾದ್ಯಂತ ಮುಂಚೂಣಿಯವು.

ಮಳೆ ನಿಂತ ಮೇಲೆ ದೂಳಿನ ಸರದಿ. ಅಟ್ಟದ ಮೇಲಿನ ಹಾಸಿಗೆ ಕೆಳಗಿಳಿಸುವುದು, ಒಣಗಿದ ಗೋಟಡಿಕೆ ಸುಲಿಯುವುದು, ಕೊಟ್ಟಿಗೆಗೆ ಒಣಸೊಪ್ಪು ಹಾಸುವುದು, ಹಳೆಯ ಗೋಣಿಚೀಲ ಕೊಡವುವುದು ಎಲ್ಲದರಲ್ಲೂ ಬೂಷ್ಟಿನ ಕಣಗಳು ಮೇಲೇಳುತ್ತವೆ. ಬಾಳೆಹೊನ್ನೂರಿನ ಬಳಿ 1925ರಲ್ಲೇ ಕಾಫಿ ಸಂಶೋಧನಾ ಕೇಂದ್ರ ಕಂಡ ಸೀಮೆ ಇದು. ಹುರಿಯದ ಕಾಫಿಬೀಜದ ದೂಳು ಕೂಡ ಕೆಲವು ಕೆಲಸಗಾರರಿಗೆ ಒಗ್ಗುವುದಿಲ್ಲವೆಂಬುದು ವೈದ್ಯಲೋಕಕ್ಕೆ ಬಹುಕಾಲದಿಂದ ಗೊತ್ತು. ಬಚ್ಚಲ ಒಲೆಯ ಹೊಗೆ ಅಲರ್ಜಿಯ ವಸ್ತುವಲ್ಲ. ಆದರೆ ಮೊದಲೇ ಕೆರಳಿದ ಉಸಿರುನಾಳವನ್ನು ಮತ್ತಷ್ಟು ಕೆರಳಿಸುತ್ತದೆ.

ಹಾಗೆಂದು ಇದು ಮಲೆನಾಡಿಗೆ ಮಾತ್ರ ಅಂಟಿದ ಕಾಯಿಲೆಯೇನಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ ಸುಮಾರು 20,000 ಮಕ್ಕಳನ್ನು ಗಮನಿಸಿ ನಡೆಸಿದ ಅಧ್ಯಯನದಲ್ಲಿ ಉಬ್ಬಸವಿದ್ದ ಮಕ್ಕಳ ಪ್ರಮಾಣ ಶೇ. 9ರಿಂದ 29.5ಕ್ಕೆ ಏರಿತ್ತು. ನಗರದ ಕಾರಣಗಳು ಬೇರೆ, ಮಲೆನಾಡಿನವು ಬೇರೆ. ಆದರೆ ಅಲರ್ಜಿಯ ಕಣ ಒಳಹೊಕ್ಕ ಮೇಲೆ ದೇಹದೊಳಗೆ ನಡೆಯುವ ಕೆಲಸ ಎರಡೂ ಕಡೆ ಒಂದೇ.

ಮೊದಲ ಅರ್ಧ ಗಂಟೆ

ಸಂಜೆ ಏಳು ಗಂಟೆಗೆ ಗೋಟು ಸುಲಿಯಲು ಕೂತವರೊಬ್ಬರನ್ನು ಊಹಿಸಿಕೊಳ್ಳಿ. ಐದು ನಿಮಿಷದಲ್ಲಿ ಸೀನು, ಮೂಗಿನಲ್ಲಿ ನೀರು, ಎದೆಯಲ್ಲಿ ಸಣ್ಣ ಬಿಗಿತ. ಎದ್ದು ಹೊರಗೆ ಹೋಗಿ, ಬಿಸಿನೀರು ಕುಡಿದು, ಒಂದು ಗುಳಿಗೆ ನುಂಗುತ್ತಾರೆ. ಎಂಟು ಗಂಟೆಗೆ ಎಲ್ಲವೂ ತಹಬಂದಿಗೆ. ಊಟ ಮಾಡಿ ಮಲಗುತ್ತಾರೆ. ರಾತ್ರಿ ಒಂದೂವರೆಗೆ ಎದೆಯ ಮೇಲೆ ಯಾರೋ ಕೂತಂತಾಗಿ ಎಚ್ಚರ. ಕೂತರೆ ಕೆಮ್ಮು, ಮಲಗಿದರೆ ಕುಂಯ್‌ಗುಡುವ ಉಸಿರು. ಮನೆಯವರು ರಾತ್ರಿ ತಿಂದ ಮೊಸರನ್ನೋ, ಥಂಡಿಗಾಳಿಯನ್ನೋ ದೂರುತ್ತಾರೆ. ಏಳು ಗಂಟೆಯ ಗೋಟನ್ನು ಯಾರೂ ನೆನೆಯುವುದಿಲ್ಲ.

ರಾತ್ರಿಯ ಉಬ್ಬಸಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಅಲರ್ಜಿ ಎರಡು ಅಲೆಗಳಲ್ಲಿ ಬರುತ್ತದೆಂಬುದನ್ನು ತಿಳಿಯಲು ಇದು ಒಳ್ಳೆಯ ಉದಾಹರಣೆ.

ಮೊದಲ ಅಲೆ ನಿಮಿಷಗಳ ಕೆಲಸ. ನುಸಿಯ ಹಿಕ್ಕೆಯನ್ನೋ ಬೂಷ್ಟನ್ನೋ ಶತ್ರುವೆಂದು ತಪ್ಪಾಗಿ ಗುರುತಿಸಿದ ದೇಹ 'ಐಜಿಇ' ಎಂಬ ಪ್ರತಿಕಾಯವನ್ನು ತಯಾರಿಸಿ ಇಟ್ಟುಕೊಂಡಿರುತ್ತದೆ. ಅಮೆರಿಕದ ಡೆನ್ವರ್‌ನಲ್ಲಿದ್ದ ಜಪಾನಿ ದಂಪತಿ ಇಶಿಜಾಕಾ ಮತ್ತು ಸ್ವೀಡನ್ನಿನ ಯೊಹಾನ್ಸನ್, ಬೆನ್ನಿಖ್ ಇದನ್ನು 1966-67ರ ಸುಮಾರಿಗೆ ಬೇರೆ ಬೇರೆಯಾಗಿಯೇ ಪತ್ತೆ ಹಚ್ಚಿದರು. ಈ ಪ್ರತಿಕಾಯಗಳು ಮೂಗು ಮತ್ತು ಉಸಿರುನಾಳದ ಗೋಡೆಯಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡು ಕಾಯುತ್ತಿರುತ್ತವೆ. ಒಗ್ಗದ ಕಣ ಬಂದು ತಾಗಿದ ಕ್ಷಣವೇ ಮಾಸ್ಟ್ ಕೋಶ ತನ್ನೊಳಗಿನ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತದೆ. ರಕ್ತನಾಳ ಹಿಗ್ಗುತ್ತದೆ, ನೀರು ಸೋರುತ್ತದೆ, ಉಸಿರುನಾಳದ ಸ್ನಾಯು ಬಿಗಿಯುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇದರ ಅಬ್ಬರ ಇಳಿಯುತ್ತದೆ.

ಎರಡನೆಯ ಅಲೆ ಬರುವುದು ನಾಲ್ಕರಿಂದ ಎಂಟು ಗಂಟೆಗಳ ನಂತರ. ಅಲರ್ಜಿಯ ಉಬ್ಬಸವಿರುವ ಎಲ್ಲರಿಗೂ ಬರುವುದಿಲ್ಲ, ಸುಮಾರು ಅರ್ಧದಷ್ಟು ಮಂದಿಗೆ ಬರುತ್ತದೆ. ಈ ಹೊತ್ತಿಗೆ ಹಿಸ್ಟಮಿನ್ ಬಹುಮಟ್ಟಿಗೆ ಕರಗಿಹೋಗಿರುತ್ತದೆ. ಈಗ ಕೆಲಸ ನಡೆಸುವವು ದೂರದಿಂದ ಬಂದಿಳಿದ ಬಿಳಿ ರಕ್ತಕಣಗಳು.

ಕಪ್ಪೆಯಲ್ಲಿ ಕಂಡ ದೃಶ್ಯ

ಬಿಳಿ ಕಣಗಳು ರಕ್ತನಾಳದಿಂದ ಹೊರಬರುತ್ತವೆ ಎಂಬುದು ಹಳೆಯ ಅರಿವು. ಬರ್ಲಿನ್ನಿನಲ್ಲಿದ್ದ ಯೂಲಿಯಸ್ ಕೋನ್‌ಹೈಮ್ 1867ರಲ್ಲಿ ಕಪ್ಪೆಯ ಕರುಳನ್ನು ಹಿಡಿದಿಡುವ ತೆಳುಪರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗಂಟೆಗಟ್ಟಲೆ ನೋಡಿದ. ಪರೆ ಉರಿಯೂತಕ್ಕೆ ತಿರುಗಿದಂತೆ, ನಡುಹೊಳೆಯಲ್ಲಿ ಓಡುತ್ತಿದ್ದ ಬಿಳಿ ಕಣಗಳು ದಡಕ್ಕೆ ಸರಿದವು, ನಿಧಾನಿಸಿದವು, ಅಂಟಿಕೊಂಡವು, ಕೊನೆಗೆ ಗೋಡೆಯ ಮೂಲಕ ತೂರಿಕೊಂಡು ಆಚೆ ಬಂದವು. ಅದಕ್ಕೂ ಮುನ್ನ 1846ರಲ್ಲಿ ಇಂಗ್ಲೆಂಡಿನ ಆಗಸ್ಟಸ್ ವಾಲರ್ ಕೂಡ ಇಂಥದನ್ನೇ ಕಂಡು ಬರೆದಿದ್ದ. ಆದರೆ ಇಡೀ ಮೈಯ ರಕ್ತನಾಳಗಳಲ್ಲಿ ಸುತ್ತುವ ಕಣಕ್ಕೆ ಇಳಿಯಬೇಕಾದ ಜಾಗ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1990ರ ದಶಕದ ಆರಂಭದ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು.

ಮೊದಲ ಹೆಜ್ಜೆ ರಕ್ತನಾಳದ ಒಳಗೋಡೆಯದು. ಹಿಸ್ಟಮಿನ್ ತಾಗಿದ ಕೆಲವೇ ನಿಮಿಷಗಳಲ್ಲಿ ಆ ಗೋಡೆಯ ಕೋಶಗಳು ತಮ್ಮೊಳಗೆ ಸಿದ್ಧವಾಗಿಟ್ಟುಕೊಂಡಿದ್ದ 'ಸೆಲೆಕ್ಟಿನ್' ಎಂಬ ಅಂಟುಪ್ರೋಟೀನನ್ನು ಮೇಲಕ್ಕೆ ತರುತ್ತವೆ. ಹರಿಯುವ ಕಣ ಇದಕ್ಕೆ ತಾಗಿ ತಾಗಿ ಉರುಳುತ್ತಾ ನಿಧಾನಿಸುತ್ತದೆ. ಪೂರ್ತಿ ನಿಲ್ಲಲು ಇಷ್ಟು ಸಾಲದು. ಅಲರ್ಜಿಯ ಸೂತ್ರಧಾರರಾದ ಟಿ-ಲಿಂಫೋಸೈಟುಗಳು 'ಇಂಟರ್‌ಲ್ಯೂಕಿನ್-4', 'ಇಂಟರ್‌ಲ್ಯೂಕಿನ್-13' ಎಂಬ ಸಂದೇಶಗಳನ್ನು ಕಳಿಸುತ್ತವೆ. ಇವು ತಲುಪಿದ ಮೇಲೆ ಗೋಡೆಯ ಕೋಶಗಳು 'ವಿಕ್ಯಾಮ್' ಎಂಬ ಇನ್ನೊಂದು ಹಿಡಿಕೆಯನ್ನು ಹೊಸದಾಗಿ ತಯಾರಿಸತೊಡಗುತ್ತವೆ. ವಂಶವಾಹಿಯ ಸೂಚನೆ ಓದಿ ಪ್ರೋಟೀನು ಕಟ್ಟಬೇಕಾದ ಕೆಲಸವಾದ್ದರಿಂದ ಇದಕ್ಕೆ ಗಂಟೆಗಳು ಬೇಕು. ಏಳು ಗಂಟೆಯ ದೂಳಿಗೆ ಒಂದೂವರೆಗೆ ಉಬ್ಬಸ ಬರುವುದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ.

ಎರಡನೆಯ ಹೆಜ್ಜೆ ಕಣದ್ದು. ಇಯೋಸಿನೋಫಿಲ್‌ನ ಮೈಮೇಲೆ 'ಇಂಟೆಗ್ರಿನ್' ಎಂಬ ಕೊಕ್ಕೆಗಳಿವೆ. ಸಾಮಾನ್ಯವಾಗಿ ಇವು ಮಡಚಿಕೊಂಡಿರುತ್ತವೆ. ಗೋಡೆಯ ಬಳಿ ಉರುಳುವಾಗ ಅಲ್ಲಿನ ರಾಸಾಯನಿಕ ಸಂಕೇತ ತಾಗಿದೊಡನೆ ಬಿಚ್ಚಿಕೊಂಡು ವಿಕ್ಯಾಮ್ ಹಿಡಿಕೆಯನ್ನು ಗಟ್ಟಿಯಾಗಿ ಕಚ್ಚುತ್ತವೆ. ಕೀವು ತುಂಬುವ ಕಡೆ ಮೊದಲಿಗೆ ಓಡಿಬರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಲ್ಲಿ ಈ ಬಗೆಯ ಕೊಕ್ಕೆ ಬಹಳ ಕಡಿಮೆ. ಆದ್ದರಿಂದಲೇ ಅದೇ ರಕ್ತದಲ್ಲಿ ಹರಿಯುತ್ತಿದ್ದರೂ ಅಲರ್ಜಿಯ ಜಾಗದಲ್ಲಿ ಇಯೋಸಿನೋಫಿಲ್‌ಗಳೇ ಹೆಚ್ಚಾಗಿ ನಿಲ್ಲುತ್ತವೆ.

ಮೂರನೆಯದು ಗೋಡೆ ದಾಟುವುದು. ಕಣದ ಅಗಲ ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಅದು ಹಿಟ್ಟಿನುಂಡೆಯಂತೆ ಮೈ ಸಣ್ಣಗೆ ಮಾಡಿಕೊಂಡು ಕೋಶಗಳ ಸಂದಿಯಲ್ಲಿ ತೂರುತ್ತದೆ. ಆಚೆ ಬಂದ ಮೇಲೆ ವಾಸನೆ ಹಿಡಿದು ಹೋದಂತೆ 'ಇಯೋಟ್ಯಾಕ್ಸಿನ್' ಎಂಬ ವಸ್ತುವಿನ ಜಾಡು ಹಿಡಿಯುತ್ತದೆ. ಎಲ್ಲಿ ಇದು ದಟ್ಟವೋ ಅತ್ತ ಅದರ ನಡಿಗೆ. ಲಂಡನ್ನಿನ ವಿಜ್ಞಾನಿಗಳು ಅಲರ್ಜಿಗೊಳಪಡಿಸಿದ ಗಿನಿಯಿಲಿಗಳ ಶ್ವಾಸಕೋಶದಿಂದ ಇದನ್ನು ಬೇರ್ಪಡಿಸಿ 1994ರಲ್ಲಿ ಪ್ರಕಟಿಸಿದರು.

ಈ ನಡುವೆ 'ಇಂಟರ್‌ಲ್ಯೂಕಿನ್-5' ಎಂಬ ಮತ್ತೊಂದು ಸಂದೇಶ ಅಸ್ಥಿಮಜ್ಜೆಗೆ ಹೋಗಿ 'ಇನ್ನಷ್ಟು ಕಳಿಸಿ' ಎನ್ನುತ್ತದೆ. ಲ್ಯಾಬಿನ ಚೀಟಿಯಲ್ಲಿ ಏರುವ ಅಂಕಿ ಈ ಹೆಚ್ಚುವರಿ ರವಾನೆಯದು.

ಇಳಿದ ಮೇಲೆ

1879ರಲ್ಲಿ ಜರ್ಮನಿಯ ಪೌಲ್ ಎರ್ಲಿಖ್ ಇಯೋಸಿನ್ ಎಂಬ ಕೆಂಪು ಬಣ್ಣ ಹಾಕಿದಾಗ ಈ ಕಣದೊಳಗಿನ ಕಾಳುಗಳು ಕಡುಗೆಂಪಾಗಿ ಹೊಳೆದವು. ಹೆಸರು ಬಂದದ್ದು ಹಾಗೆ. ಆ ಕಾಳುಗಳಲ್ಲಿರುವುದು ವಿಷಪ್ರೋಟೀನು. ಹುಳುವಿನಂಥ ದೊಡ್ಡ ಪರೋಪಜೀವಿಗಳ ಮೇಲೆ ಸುರಿಯಲು ಸಿದ್ಧವಿಟ್ಟ ಮದ್ದು. ಉಸಿರುನಾಳದಲ್ಲಿ ಹುಳುವಿಲ್ಲ, ಮದ್ದು ಬೀಳುವುದು ನಮ್ಮದೇ ಒಳಪದರದ ಮೇಲೆ. ಪದರ ಸುಲಿಯುತ್ತದೆ, ಊದಿಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ. ಹೀಗೆ ಕೆರಳಿದ ನಾಳಕ್ಕೆ ಆಮೇಲೆ ಅಲರ್ಜಿಯ ಕಣವೇ ಬೇಕೆಂದಿಲ್ಲ. ಒಲೆಯ ಹೊಗೆ, ತಣ್ಣನೆಯ ಗಾಳಿ, ಜೋರು ನಗು ಸಾಕು. 'ನನಗೆ ಎಲ್ಲವೂ ಅಲರ್ಜಿ' ಎನ್ನುವವರ ಅನುಭವದ ಹಿಂದೆ ಅನೇಕ ವೇಳೆ ಇದೇ ಇರುತ್ತದೆ. ವರ್ಷಗಟ್ಟಲೆ ಇದು ಮುಂದುವರಿದರೆ ನಾಳದ ಗೋಡೆ ದಪ್ಪಗಾಗಿ, ಮೊದಲಿನ ಹದಕ್ಕೆ ಮರಳುವುದು ಕಷ್ಟವಾಗುತ್ತದೆ.

1980ರ ದಶಕದ ಕೊನೆಯಲ್ಲಿ ವಿದೇಶಗಳಲ್ಲಿ ಸೌಮ್ಯ ಉಬ್ಬಸವಿದ್ದವರ ಉಸಿರುನಾಳದ ತುಣುಕು ತೆಗೆದು ನೋಡಿದಾಗ, ದೊಡ್ಡ ತೊಂದರೆಯಿಲ್ಲದೆ ಓಡಾಡಿಕೊಂಡಿದ್ದವರಲ್ಲೂ ಇಯೋಸಿನೋಫಿಲ್‌ಗಳು ಕಂಡುಬಂದವು. ಉಸಿರು ಹಗುರವಾಗಿದೆ ಎಂದ ಮಾತ್ರಕ್ಕೆ ನಾಳ ಶಾಂತವಾಗಿದೆ ಎನ್ನುವಂತಿಲ್ಲ.

ಚೀಟಿಯ ಅಂಕಿ ಏನು ಹೇಳುತ್ತದೆ?

ಹಾಗಾದರೆ ರಕ್ತಪರೀಕ್ಷೆ ವ್ಯರ್ಥವೇ? ಖಂಡಿತ ಅಲ್ಲ. ಎಷ್ಟೋ ಸಲ ಅದು ದಾರಿ ತೋರುತ್ತದೆ. ಬರಿಗಾಲಲ್ಲಿ ತೋಟದಲ್ಲಿ ಓಡಾಡುವವರಿಗೆ ಅಂಟುವ ಕೊಕ್ಕೆಹುಳುವಿನಿಂದಲೂ ಅಂಕಿ ಏರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ರೊಳಗೆ ಇರಬೇಕಾದ ಕಣಗಳು 3000 ದಾಟಿ, ರಾತ್ರಿ ಕೆಮ್ಮೂ ಇದ್ದರೆ ವೈದ್ಯರು 'ಟ್ರಾಪಿಕಲ್ ಇಯೋಸಿನೋಫಿಲಿಯಾ'ವನ್ನು ನೆನೆಯುತ್ತಾರೆ. 1940ರಲ್ಲಿ ಆಂಧ್ರದ ಮದನಪಲ್ಲಿಯ ಕ್ಷಯರೋಗ ಆಸ್ಪತ್ರೆಯಿಂದ ವರದಿಯಾಗಿ, 1943ರಲ್ಲಿ ವೈನ್‌ಗಾರ್ಟನ್ ಹೆಸರಿಟ್ಟ ಈ ಕಾಯಿಲೆಗೆ ಕಾರಣ ಆನೆಕಾಲು ರೋಗದ ಹುಳು. ಅದರ ಚಿಕಿತ್ಸೆಯೇ ಬೇರೆ. 'ಇಸ್ನೋಫೀಲಿಯಾ' ಎಂಬುದು ನಮ್ಮಲ್ಲಿ ಮನೆಮಾತಾದದ್ದರ ಹಿಂದೆ ಈ ಕಾಯಿಲೆಯ ಪಾಲೂ ಇದ್ದೀತು.

ಆದರೆ ಉಬ್ಬಸದಲ್ಲಿ ಅಂಕಿ ಇಳಿದದ್ದನ್ನೇ ವಾಸಿಯಾದ ಗುರುತೆಂದು ನಂಬಲಾಗದು. ಇದಕ್ಕೆ ಒಳ್ಳೆಯ ಸಾಕ್ಷಿ 2003ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನ. ಸೌಮ್ಯ ಉಬ್ಬಸದವರಿಗೆ ಇಂಟರ್‌ಲ್ಯೂಕಿನ್-5 ಅನ್ನು ತಡೆಯುವ ಮೆಪೊಲಿಜುಮ್ಯಾಬ್ ಎಂಬ ಔಷಧಿ ಕೊಟ್ಟಾಗ ರಕ್ತದಲ್ಲಿ ಇಯೋಸಿನೋಫಿಲ್ ಹೆಚ್ಚುಕಡಿಮೆ ಇಲ್ಲವೇ ಆಯಿತು. ಉಸಿರುನಾಳದ ಗೋಡೆಯಲ್ಲಿ ಮಾತ್ರ ಕಡಿಮೆಯಾದದ್ದು ಶೇ. 55ರಷ್ಟು. ರಸ್ತೆ ಖಾಲಿ, ಮನೆಯಲ್ಲಿ ಅರ್ಧದಷ್ಟು ನೆಂಟರು ಹಾಗೇ ಉಳಿದಿದ್ದರು.

ಬಿಗಿತ ಬಿಡಿಸುವುದು, ಬರವು ತಡೆಯುವುದು

ಇಷ್ಟು ತಿಳಿದ ಮೇಲೆ ಔಷಧಿಗಳ ಲೆಕ್ಕ ಸುಲಭ. ಅಲರ್ಜಿಯ ಗುಳಿಗೆ ಹಿಸ್ಟಮಿನ್ನಿನ ಕೈ ಕಟ್ಟುತ್ತದೆ. ಸೀನು, ತುರಿಕೆಗೆ ಒಳ್ಳೆಯದು. ಸಾಲ್ಬುಟಮಾಲ್ ಇನ್‌ಹೇಲರ್ ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ಜೀವ ಉಳಿಸುತ್ತದೆ. ಆದರೆ ಹೊರಟ ಕಣಗಳನ್ನು ಇವೆರಡೂ ತಡೆಯಲಾರವು. ಅದನ್ನು ಮಾಡುವುದು 1972ರಲ್ಲಿ ಬಳಕೆಗೆ ಬಂದ ಬೆಕ್ಲೊಮೆಥಸೋನ್, ಆಮೇಲಿನ ಬ್ಯುಡೆಸೊನೈಡ್ ಮುಂತಾದ ಸ್ಟಿರಾಯ್ಡ್ ಇನ್‌ಹೇಲರ್‌ಗಳು. ಇವು ಕೋಶದೊಳಗೆ ಹೊಕ್ಕು ಕರೆ ಕಳಿಸುವ ಸಂದೇಶಗಳ ಮತ್ತು ಜಾಡಿನ ವಸ್ತುವಿನ ತಯಾರಿಯನ್ನೇ ತಗ್ಗಿಸುತ್ತವೆ. ಬಂದಿಳಿದ ಕಣಗಳ ಆಯಸ್ಸನ್ನೂ ಕಡಿಮೆ ಮಾಡುತ್ತವೆ. ಪೂರ್ಣ ಪರಿಣಾಮಕ್ಕೆ ದಿನಗಳು, ವಾರಗಳು ಬೇಕು. ಎಳೆದ ಕೂಡಲೇ ಹಾಯೆನಿಸದ ಕಾರಣ 'ಇದರಿಂದ ಏನೂ ಆಗಲಿಲ್ಲ' ಎಂದು ಮೂಲೆಗಿಡುವವರು ಬಹಳ.

ಜೊತೆಗೆ ಇನ್‌ಹೇಲರ್ ಎಂದರೆ ಕೊನೆಯ ಅಸ್ತ್ರ, ಒಮ್ಮೆ ಹಿಡಿದರೆ ಬಿಡದು ಎಂಬ ಹೆದರಿಕೆ. ಹೆಣ್ಣು ನೋಡಲು ಬರುವವರ ಕಣ್ಣಿಗೆ ಬೀಳದಂತೆ ಕಪಾಟಿನಲ್ಲಿ ಬಚ್ಚಿಡುವ ಮನೆಗಳೂ ಇವೆ. ಲೆಕ್ಕ ಹಾಕಿ ನೋಡಿ: ಸಾಲ್ಬುಟಮಾಲ್ ಗುಳಿಗೆಯೊಂದರಲ್ಲಿ 4 ಮಿಲಿಗ್ರಾಂ ಔಷಧಿಯಿದ್ದರೆ ಇನ್‌ಹೇಲರಿನ ಒಂದು ಒತ್ತಿನಲ್ಲಿ 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲೊಂದು ಪಾಲು. ಸ್ಟಿರಾಯ್ಡ್ ವಿಷಯದಲ್ಲೂ ಹಾಗೆಯೇ. ಬೇಕಾದಲ್ಲಿಗೇ ಹೋಗುವುದರಿಂದ ಕಡಿಮೆ ಸಾಕು. ತಿಂಗಳುಗಟ್ಟಲೆ ಸ್ಟಿರಾಯ್ಡ್ ಗುಳಿಗೆ ನುಂಗಿದಾಗ ಆಗುವ ಕೆಡುಕಿಗೆ ಇದನ್ನು ಹೋಲಿಸುವಂತಿಲ್ಲ.

ಕಣಗಳ ಪ್ರಯಾಣವನ್ನೇ ಗುರಿಯಾಗಿಸಿದ ಹೊಸ ಚುಚ್ಚುಮದ್ದುಗಳೂ ಬಂದಿವೆ. ಮೆಪೊಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು, 2017ರಲ್ಲಿ ಬೆನ್ರಾಲಿಜುಮ್ಯಾಬ್. ತೀವ್ರ ಉಬ್ಬಸದ ಕೆಲವರಿಗೆ ಇವು ವರದಾನ, ಬೆಲೆ ಮಾತ್ರ ಕೈಗೆಟುಕದ್ದು. ಕೊಕ್ಕೆಯನ್ನೇ ಮುಚ್ಚಿಬಿಟ್ಟರೆ ಹೇಗೆ ಎಂಬ ಯೋಚನೆಗೂ ಒಂದು ಎಚ್ಚರಿಕೆಯ ಕಥೆಯಿದೆ. ನರಮಂಡಲದ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗಾಗಿ 2004ರಲ್ಲಿ ಬಂದ ನಟಾಲಿಜುಮ್ಯಾಬ್, ವಿಕ್ಯಾಮ್ ಹಿಡಿಯುವ ಇಂಟೆಗ್ರಿನ್ನನ್ನು ಮುಚ್ಚುವ ಔಷಧಿ. ಕಾವಲಿನ ಕಣಗಳು ಮಿದುಳಿಗೆ ಹೋಗಲಾಗದೆ ಕೆಲವರಿಗೆ ಅಪರೂಪದ ವೈರಸ್ ಸೋಂಕು ತಗುಲಿದ್ದರಿಂದ 2005ರಲ್ಲಿ ಅದನ್ನು ಹಿಂತೆಗೆದುಕೊಂಡು, 2006ರಲ್ಲಿ ಕಟ್ಟೆಚ್ಚರದ ನಿಯಮಗಳೊಂದಿಗೆ ಮತ್ತೆ ಬಿಟ್ಟರು. ಈ ಪ್ರಯಾಣ ದೇಹಕ್ಕೆ ಬೇಕು. ತಡೆಯಬೇಕಾದ್ದು ತಪ್ಪು ಜಾಗದ ಇಳಿತವನ್ನು.

2019ರ ಜಾಗತಿಕ ಅಂದಾಜಿನ ಪ್ರಕಾರ ವಿಶ್ವದ ಉಬ್ಬಸ ರೋಗಿಗಳಲ್ಲಿ ಭಾರತೀಯರು ಸುಮಾರು ಶೇ. 13; ಉಬ್ಬಸದ ಸಾವುಗಳಲ್ಲಿ ನಮ್ಮ ಪಾಲು ಶೇ. 40ಕ್ಕೂ ಹೆಚ್ಚು. ಕಣಗಳ ಬರವನ್ನು ತಡೆಯುವ ಬ್ಯುಡೆಸೊನೈಡ್ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದ್ದೂ ಈ ಅಂತರ. ಬಿಗಿತ ಬಿಡಿಸುವ ಇನ್‌ಹೇಲರನ್ನಷ್ಟೇ ನೆಚ್ಚಿ ಕೂರಬಾರದೆಂದು ಉಬ್ಬಸ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಮಳೆಗಾಲದ ನಡುರಾತ್ರಿ ಉಸಿರು ಕಟ್ಟಿದರೆ ಶೃಂಗೇರಿಯ ಒಳಹಳ್ಳಿಯಿಂದ ಘಟ್ಟ ಇಳಿದು ಮಣಿಪಾಲಕ್ಕೋ, ನರಸಿಂಹರಾಜಪುರದಿಂದ ಶಿವಮೊಗ್ಗಕ್ಕೋ ಓಡಬೇಕಾದ ನಮಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಮಲೆನಾಡಿನ ಮನೆಗಳಿಗೆ

* ತಡೆಯುವ ಇನ್‌ಹೇಲರನ್ನು ಉಸಿರು ಹಗುರವಾದೊಡನೆ ನಿಲ್ಲಿಸಬೇಡಿ. ಪ್ರಮಾಣ ಇಳಿಸುವುದೂ ನಿಲ್ಲಿಸುವುದೂ ವೈದ್ಯರ ಮಾತಿನಂತೆ ಆಗಲಿ. ಪ್ರತಿವರ್ಷ ಮಳೆಯಲ್ಲೋ ಸುಗ್ಗಿಯಲ್ಲೋ ಉಲ್ಬಣಿಸುವವರು ಅದಕ್ಕೆ ಕೆಲವು ವಾರ ಮುಂಚೆಯೇ ವೈದ್ಯರನ್ನು ಕಾಣುವುದು ಲೇಸು.

* ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಎಳೆಯುವ ಕ್ರಮವನ್ನು ವೈದ್ಯರ ಎದುರೇ ಮಾಡಿ ತೋರಿಸಿ. ತಪ್ಪು ಕ್ರಮದಿಂದ ಔಷಧಿ ಗಂಟಲಲ್ಲೇ ಉಳಿಯುತ್ತದೆ.

* ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ ಕುದಿಯುವಷ್ಟು ಬಿಸಿನೀರಲ್ಲಿ ಒಗೆಯಿರಿ. ಬಿಸಿಲು ಬಿದ್ದ ದಿನ ಹಾಸಿಗೆ, ಕಂಬಳಿಗಳನ್ನು ಅಂಗಳಕ್ಕೆ ಹಾಕಿ. ಅಟ್ಟದ ಹಾಸಿಗೆ ಕೊಡವುವ ಕೆಲಸ ಉಬ್ಬಸವಿಲ್ಲದವರದಾಗಲಿ.

* ಗೋಟು ಸುಲಿಯುವಾಗ, ಚೀಲ ಕೊಡವುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ, ಕೆಲಸ ಬಯಲಲ್ಲಿ ನಡೆಯಲಿ. ಸೀನು ನಿಂತರೂ ಆ ರಾತ್ರಿ ಉಪಶಮನದ ಇನ್‌ಹೇಲರ್ ತಲೆದೆಸೆಯಲ್ಲಿರಲಿ.

* ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಇನ್‌ಹೇಲರಿಗೂ ಬಗ್ಗದ ಬಿಗಿತ ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಇನ್‌ಹೇಲರ್ ಎಳೆಯುತ್ತಲೇ ಹತ್ತಿರದ ಆಸ್ಪತ್ರೆಗೆ ಹೊರಡಿ.